ಬ್ಯಾಲೆನ್ಸ್ ಮಾಡಿಸಿದರೂ ಮೋಟಾರ್ ನಡುಗುತ್ತಿದೆಯಾ? ರೋಟರ್ ಬಾರ್ ನೋಡಿ

ಫ್ಯಾನನ್ನು ಎರಡು ಸಲ ಬ್ಯಾಲೆನ್ಸ್ ಮಾಡಿಸಿದ್ದೀರಿ, ಬೇರಿಂಗ್ ಬದಲಾಯಿಸಿದ್ದೀರಿ. ಆದರೂ ನಿಮ್ಮ 75 ಕಿಲೋವ್ಯಾಟ್, 4 ಪೋಲ್ ಮೋಟಾರ್ ಲೋಡ್ ಏರಿದರೆ ನಡುಗುತ್ತದೆ, ಗುಂಯ್ ಸದ್ದು ಏರಿಳಿಯುತ್ತದೆ ಅಂತ ಕೇಳಿದ್ದೀರಿ. ದಯವಿಟ್ಟು ಮೂರನೇ ಸಲ ಬ್ಯಾಲೆನ್ಸ್‌ಗೆ ಕೊಡಬೇಡಿ. ನನಗೆ ರೋಟರ್ ಬಾರ್ (ಮೋಟಾರ್‌ನ ತಿರುಗುವ ಭಾಗದಲ್ಲಿ ಕರೆಂಟ್ ಹರಿಯುವ ಲೋಹದ ಕಡ್ಡಿ) ಮೇಲೆಯೇ ಅನುಮಾನ.

ಸಕ್ಕರೆ ಕಾರ್ಖಾನೆಯ ಬಾಯ್ಲರ್ ಫ್ಯಾನ್ ಒಂದರಲ್ಲಿ ನಾನು ಇದೇ ತೊಂದರೆ ಕಂಡಿದ್ದೆ. ಡ್ಯಾಂಪರ್ (ಗಾಳಿ ದಾರಿಯ ಬಾಗಿಲು) ಮುಚ್ಚಿ ಲೋಡ್ ಇಳಿಸಿದರೆ ಮೋಟಾರ್ ಸುಮ್ಮನಿರುತ್ತಿತ್ತು, ತೆರೆದರೆ ನಡುಕ ಶುರು.

ಮೊದಲು ಮೋಟಾರ್ ಪೂರ್ತಿ ಲೋಡಿನಲ್ಲಿರುವಾಗ ಕರೆಂಟ್ ತೆಗೆಯಿರಿ, ನಡುಕ ಅಳೆಯುವ ಮೀಟರ್ ಮೇಲೆ ಕಣ್ಣಿಡಿ. ನಡುಕ ಆ ಕ್ಷಣವೇ ಬಿದ್ದರೆ ದೋಷ ವಿದ್ಯುತ್ ಕಡೆಯದು. ಸ್ಪೀಡ್ ಜೊತೆ ನಿಧಾನ ಇಳಿದರೆ ಮೆಕ್ಯಾನಿಕಲ್. ಒಂದು ಎಚ್ಚರಿಕೆ: ಬಾರ್ ಮುರಿದ ಕಡೆ ರೋಟರ್ ಬಿಸಿಯಾಗಿ ಬಾಗಿದ್ದರೆ, ಆ ಬಾಗಿನ ನಡುಕ ಕರೆಂಟ್ ಹೋದರೂ ಉಳಿಯುತ್ತದೆ.

ಆಮೇಲೆ ಸ್ಲಿಪ್ ಲೆಕ್ಕ ಹಾಕಿ, ಅಂದರೆ ಒಳಗಿನ ಕಾಂತಕ್ಷೇತ್ರ ತಿರುಗುವ ಸ್ಪೀಡಿಗಿಂತ ರೋಟರ್ ಎಷ್ಟು ಹಿಂದೆ ಬಿದ್ದಿದೆ ಅಂತ. ನೇಮ್‌ಪ್ಲೇಟ್ ನಂಬಬೇಡಿ, ಸ್ಪೀಡ್ ಅಳೆಯಿರಿ. ನಿಮಿಷಕ್ಕೆ 1480 ಸುತ್ತು ಬಂತು ಅನ್ನೋಣ. 50 ಹರ್ಟ್ಸ್‌ನ 4 ಪೋಲ್ ಮೋಟಾರ್‌ನಲ್ಲಿ ಕ್ಷೇತ್ರದ ಸ್ಪೀಡ್ 1500, ಅದಕ್ಕೆ 20 ಕಮ್ಮಿ. ಅದನ್ನು 4 ಪೋಲ್‌ನಿಂದ ಗುಣಿಸಿದರೆ 80. ಅಂದರೆ ನಿಮಿಷಕ್ಕೆ 80 ಸಲ ಸದ್ದು ಏರಿಳಿಯಬೇಕು. ವಾಚ್ ಹಿಡಿದು ಎಣಿಸಿದರೂ ಗೊತ್ತಾಗುತ್ತದೆ. ನಡುಕವನ್ನು ಆವರ್ತನವಾರು ತೋರಿಸುವ ಸ್ಪೆಕ್ಟ್ರಮ್‌ನಲ್ಲಿ 1480ರ ಆಚೀಚೆ 1400 ಮತ್ತು 1560ರಲ್ಲಿ ಸೈಡ್‌ಬ್ಯಾಂಡ್ (ದೊಡ್ಡ ಪೀಕ್‌ನ ಪಕ್ಕದ ಚಿಕ್ಕ ಪೀಕ್) ಕಾಣಬೇಕು.

ಜಾಸ್ತಿ ಜನ ಎಡವುವುದು ಇಲ್ಲೇ. ಸ್ಪೆಕ್ಟ್ರಮ್ ತೆಗೆಯುವ ಅನಲೈಸರ್ 1000 ಹರ್ಟ್ಸ್‌ವರೆಗೆ, 400 ಲೈನ್‌ಗೆ ಇಟ್ಟಿದ್ದರೆ ಒಂದೊಂದು ಲೈನ್ 2.5 ಹರ್ಟ್ಸ್ ದೂರ. ನಮಗೆ ಬೇಕಾದ ಸೈಡ್‌ಬ್ಯಾಂಡ್ ಇರುವುದು 1.33 ಹರ್ಟ್ಸ್ (ನಿಮಿಷಕ್ಕೆ 80 ಅಂದರೆ ಸೆಕೆಂಡಿಗೆ 1.33) ದೂರದಲ್ಲಿ. ಅದು ದೊಡ್ಡ ಪೀಕ್‌ನೊಳಗೇ ಮುಚ್ಚಿಹೋಗುತ್ತದೆ, ರಿಪೋರ್ಟ್‌ನಲ್ಲಿ 'ಅನ್‌ಬ್ಯಾಲೆನ್ಸ್' ಅಂತ ಬರುತ್ತದೆ. ನಿಮಗೂ ಹಾಗೇ ಬಂದಿರಬಹುದು, ಅಲ್ವಾ? 100 ಹರ್ಟ್ಸ್‌ವರೆಗೆ, 1600 ಲೈನ್ ಇಡಿ. ಲೋಡ್ ಇಲ್ಲದೆ ಅಳೆಯಬೇಡಿ, ಸ್ಲಿಪ್ ಇಲ್ಲದಿದ್ದರೆ ಏನೂ ಕಾಣುವುದಿಲ್ಲ.

ಖಚಿತ ಮಾಡಿಕೊಳ್ಳಲು ಒಂದು ಫೇಸ್‌ಗೆ ಕರೆಂಟ್ ಅಳೆಯುವ ಕ್ಲ್ಯಾಂಪ್ ಹಾಕಿ ಕರೆಂಟ್ ಸ್ಪೆಕ್ಟ್ರಮ್ ತೆಗೆಸಿ. 50 ಹರ್ಟ್ಸ್‌ನ ಆಚೀಚೆ 48.67 ಮತ್ತು 51.33ರಲ್ಲಿ ಪೀಕ್ ಇರಬೇಕು. ಮುಖ್ಯ ಪೀಕ್‌ಗಿಂತ 50 ಡಿಬಿ (ಡೆಸಿಬೆಲ್)ಗೂ ಕೆಳಗಿದ್ದರೆ ಸಾಮಾನ್ಯವಾಗಿ ಭಯವಿಲ್ಲ. ಆ ಅಂತರ 40ಕ್ಕಿಂತ ಕಮ್ಮಿಯಾದರೆ ಮೋಟಾರ್ ಬಿಚ್ಚಲು ತಯಾರಾಗಿ. ಬರೀ 100 ಹರ್ಟ್ಸ್‌ ನಡುಕ ಇದ್ದು ಸೈಡ್‌ಬ್ಯಾಂಡ್ ಇಲ್ಲದಿದ್ದರೆ ರೋಟರ್ ಬಿಟ್ಟು ಸ್ಟೇಟರ್ (ತಿರುಗದ ಹೊರಭಾಗ), ಏರ್ ಗ್ಯಾಪ್ (ಎರಡರ ನಡುವಿನ ಸಂದು) ನೋಡಿ.

ಬಿಚ್ಚಿದಾಗ ಬಾರ್ ಮತ್ತು ಎಂಡ್ ರಿಂಗ್ (ಬಾರ್‌ಗಳ ತುದಿ ಜೋಡಿಸುವ ಬಳೆ) ಸೇರುವ ಜಾಗ ನೋಡಿ. ಭಾರದ ಫ್ಯಾನನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಿದರೆ ಬಿರುಕು ಬಿಡುವುದು ಸಾಮಾನ್ಯವಾಗಿ ಅಲ್ಲೇ. ತಾಮ್ರದ ಬಾರ್ ಆದರೆ ಬ್ರೇಜಿಂಗ್ ಮಾಡಿಸಬಹುದು, ಎರಕದ ಅಲ್ಯೂಮಿನಿಯಂ ಆದರೆ ರೋಟರ್ ಬದಲಿಸಬೇಕು. ಅಲ್ಲಿಯವರೆಗೆ ಸುಮ್ನೆ ಆಫ್-ಆನ್ ಮಾಡಬೇಡಿ. ಒಂದು ಬಾರ್ ಹೋದರೆ ಅದರ ಕರೆಂಟ್ ಪಕ್ಕದ ಬಾರ್‌ಗಳ ಮೇಲೆ ಬೀಳುತ್ತದೆ, ಪ್ರತಿ ಸ್ಟಾರ್ಟ್‌ಗೂ ಅವು ಇನ್ನಷ್ಟು ಸೊರಗುತ್ತವೆ.