ಡೈನೋಸಾರ್‌ಗಳ ಕಾಲದ ಉಣ್ಣಿಗಳೂ ದೈತ್ಯಗಾತ್ರದವೇ?

ಡೈನೋಸಾರ್ ಅಷ್ಟು ದೊಡ್ಡದಿದ್ದಾಗ ಅದರ ಮೈಮೇಲಿನ ಉಣ್ಣಿಯೂ ಅದಕ್ಕೆ ತಕ್ಕಂತೆ ದೊಡ್ಡದಿತ್ತೇ, ಪ್ರಾಣಿಗಳು ಚಿಕ್ಕದಾದ ಹಾಗೆ ಅದೂ ಕುಗ್ಗಿತೇ ಎಂದು ಕೇಳಿದ್ದೀರಿ. ಸಿಕ್ಕಿರುವ ಪಳೆಯುಳಿಕೆಗಳು ಹಾಗೆ ಹೇಳುವುದಿಲ್ಲ. ಮ್ಯಾನ್ಮಾರ್‌ನ ಅಂಬರ್‌ನಲ್ಲಿ, ಅಂದರೆ ಕಲ್ಲಾಗಿಹೋದ ಮರದ ಅಂಟಿನಲ್ಲಿ, ಸುಮಾರು 9.9 ಕೋಟಿ ವರ್ಷ ಹಳೆಯ ಉಣ್ಣಿಗಳು ಸಿಕ್ಕಿವೆ. 2017ರಲ್ಲಿ ವರದಿಯಾದವುಗಳಲ್ಲಿ ಒಂದು ಡೈನೋಸಾರ್ ಪುಕ್ಕಕ್ಕೆ ಕಾಲು ಸಿಕ್ಕಿಸಿಕೊಂಡೇ ಉಳಿದಿದೆ. ಅಳತೆಯಲ್ಲಿ ಎಲ್ಲವೂ ಇಂದಿನ ಉಣ್ಣಿಗಳಂತೆಯೇ. ಅಂಟಿನಲ್ಲಿ ಸಿಕ್ಕಿಬೀಳುವುದು ಚಿಕ್ಕ ಜೀವಿಗಳೇ ಎನ್ನುವುದು ನಿಜ, ಆದರೆ ದೈತ್ಯ ಉಣ್ಣಿಯ ಕುರುಹು ಬೇರೆಲ್ಲೂ ಸಿಕ್ಕಿಲ್ಲ.

ಈಗ ಬದುಕಿರುವವುಗಳನ್ನೇ ನೋಡಿ. ದನದ ಉಣ್ಣಿ ಮರಿ, ನಿಂಫ್ (ನಡುವಿನ ಹಂತ), ಬೆಳೆದ ಉಣ್ಣಿ ಎಂಬ ಮೂರೂ ಹಂತಗಳನ್ನು ನೂರಾರು ಕಿಲೋ ತೂಗುವ ದನದ ಮೇಲೆಯೇ ಮೂರು ವಾರಗಳಲ್ಲಿ ಮುಗಿಸುತ್ತದೆ; ರಕ್ತ ಕುಡಿಯುವ ಮುಂಚೆ ಅದು ಎರಡು ಮೂರು ಮಿಲಿಮೀಟರ್ ಅಷ್ಟೇ. ಜಗತ್ತಿನ ಅತಿ ದೊಡ್ಡ ಉಣ್ಣಿಗಳಲ್ಲೊಂದಾದ ಆಂಬ್ಲಿಯೊಮ್ಮಾ ವೇರಿಯಮ್ ಬೆಳೆದ ಮೇಲೆ ಅಂಟಿಕೊಳ್ಳುವುದು ಹತ್ತು ಕಿಲೋ ಕೂಡ ತೂಗದ ಸ್ಲಾತ್‌ಗೆ, ಅಂದರೆ ಮರದಲ್ಲೇ ಬದುಕುವ ನಿಧಾನಗತಿಯ ಪ್ರಾಣಿಗೆ. ದೊಡ್ಡ ಪ್ರಾಣಿಗೆ ದೊಡ್ಡ ಪರಾವಲಂಬಿ ಎಂಬ ಹ್ಯಾರಿಸನ್ ನಿಯಮ ಹುಟ್ಟಿದ್ದು ಹೇನುಗಳ ಅಧ್ಯಯನದಿಂದ. ಹೇನು ಒಂದೇ ಪ್ರಾಣಿಯ ಮೇಲೆ ಹುಟ್ಟಿ ಅಲ್ಲೇ ಸಾಯುತ್ತದೆ. ಉಣ್ಣಿಯ ಬದುಕು ಬೇರೆ.

ಬಹುಪಾಲು ಗಟ್ಟಿ ಉಣ್ಣಿಗಳು, ಅಂದರೆ ಬೆನ್ನ ಮೇಲೆ ಗಟ್ಟಿ ಫಲಕವಿರುವವು, ಮೂರು ಸಲ ಮಾತ್ರ ಉಣ್ಣುತ್ತವೆ. ಆರು ಕಾಲಿನ ಮರಿ ಇಲಿಯನ್ನೋ ಹಕ್ಕಿಯನ್ನೋ ಹಿಡಿದರೆ, ಎಂಟು ಕಾಲಿನ ನಿಂಫ್ ಮೊಲದಂಥದ್ದನ್ನು, ಬೆಳೆದದ್ದು ಜಿಂಕೆಯನ್ನೋ ದನವನ್ನೋ ಹಿಡಿಯುತ್ತದೆ. ಪ್ರತಿ ಊಟಕ್ಕೂ ಕೆಳಗೆ ಬಿದ್ದು, ಪೊರೆ ಕಳಚಿ, ಮತ್ತೆ ಹುಲ್ಲು ಹತ್ತಿ ಕಾಯಬೇಕು. ಬಹಳಷ್ಟು ಕಾಯುತ್ತಲೇ ಒಣಗಿ ಸಾಯುತ್ತವೆ. ಹಾಗಾಗಿ ಹೆಣ್ಣು ಸಾವಿರಗಟ್ಟಲೆ ಮೊಟ್ಟೆ ಇಡಲೇಬೇಕು, ಮೊಟ್ಟೆ ಸಣ್ಣದಿರಲೇಬೇಕು. ಅರ್ಧ ಮಿಲಿಮೀಟರ್ ಆಸುಪಾಸಿನ ಮರಿ ಮೂರೇ ಊಟದಲ್ಲಿ ಎಷ್ಟು ಬೆಳೆದೀತು? ಗಾತ್ರಕ್ಕೆ ನಿಜವಾದ ಕಡಿವಾಣ ಇದೇ ಎಂದು ನನ್ನ ನಂಬಿಕೆ.

ಆತಿಥೇಯ ಪ್ರಾಣಿಯೂ ಸುಮ್ಮನಿರುವುದಿಲ್ಲ. ಆಫ್ರಿಕಾದ ಜಿಂಕೆಯಂಥ ಪ್ರಾಣಿ ಇಂಪಾಲಾ ಕೆಳಹಲ್ಲುಗಳಿಂದ ಮೈ ಬಾಚಿ ಉಣ್ಣಿ ಕೀಳುತ್ತದೆ. ಸಣ್ಣ ಜಾತಿಯ ಜಿಂಕೆಗಳು ದೊಡ್ಡವಕ್ಕಿಂತ ಹೆಚ್ಚು ಸಲ ಬಾಚಿಕೊಳ್ಳುತ್ತವೆ, ಏಕೆಂದರೆ ತೂಕಕ್ಕೆ ಹೋಲಿಸಿದರೆ ಅವುಗಳ ಮೈ ಹರವು ಹೆಚ್ಚು, ರಕ್ತನಷ್ಟದ ಪೆಟ್ಟೂ ಹೆಚ್ಚು.

ಉಣ್ಣಿ ದೊಡ್ಡದಾಗುವ ಬದಲು ಉಬ್ಬುವುದನ್ನು ಕಲಿತಿದೆ. ಕಚ್ಚಿದ ಮೇಲೆ ಒಂದು ವಾರದಷ್ಟು ಕಾಲ ಹೆಣ್ಣು ನಿಧಾನವಾಗಿ ಕುಡಿಯುತ್ತಾ ಹೊಸ ಚರ್ಮ ಕಟ್ಟಿಕೊಳ್ಳುತ್ತದೆ. ತೂಕ ಸುಮಾರು ಹತ್ತು ಪಟ್ಟಾಗುತ್ತದೆ. ಕೊನೆಯ 12–24 ಗಂಟೆಯಲ್ಲಿ ಅದು ಮತ್ತೆ ಹತ್ತು ಪಟ್ಟು. ಗಂಡು ಕೂಡದಿದ್ದರೆ ಹೆಚ್ಚಿನ ಜಾತಿಗಳಲ್ಲಿ ಈ ಕೊನೆಯ ಹಂತ ಬರುವುದೇ ಇಲ್ಲ. ರಕ್ತದ ಹೆಚ್ಚುವರಿ ನೀರನ್ನು ಜೊಲ್ಲಿನ ಮೂಲಕ ಪ್ರಾಣಿಯ ಮೈಗೇ ವಾಪಸು ಬಿಡುತ್ತದೆ. ರೋಗಾಣು ದಾಟುವುದೂ ಆ ಜೊಲ್ಲಿನಲ್ಲೇ. ತೂಕ ನೂರು ಪಟ್ಟಾದರೂ ಉದ್ದ ಐದು ಪಟ್ಟಿನ ಒಳಗೇ ಇರುತ್ತದೆ.

ಹಾಗಾಗಿ ಜಾತಿಗಳನ್ನು ಹೋಲಿಸುವಾಗ ಇಡೀ ಮೈ ಅಳೆಯಬೇಡಿ. 70% ಎಥನಾಲ್‌ನಲ್ಲಿಟ್ಟ ಉಣ್ಣಿಯನ್ನು ಸ್ಟೀರಿಯೊ ಮೈಕ್ರೋಸ್ಕೋಪ್ ಅಡಿ ಇಟ್ಟು, ಬೆನ್ನ ಮುಂಭಾಗದ ಗಟ್ಟಿ ಫಲಕವನ್ನು, ಅಂದರೆ ಸ್ಕ್ಯೂಟಮ್ ಅನ್ನು ಅಳೆಯಿರಿ. ಅದು ಹಿಗ್ಗುವುದಿಲ್ಲ. ಮೈ ಉದ್ದವನ್ನು ಸ್ಕ್ಯೂಟಮ್ ಅಗಲದಿಂದ ಭಾಗಿಸಿದರೆ ಎಷ್ಟು ಕುಡಿದಿದೆ ಎಂಬ ಅಂದಾಜೂ ಸಿಗುತ್ತದೆ. ಗಂಡಿನಲ್ಲಿ ಈ ಫಲಕ ಬೆನ್ನನ್ನೆಲ್ಲ ಮುಚ್ಚಿರುತ್ತದೆ, ಅದಕ್ಕೇ ಅದು ಉಬ್ಬುವುದಿಲ್ಲ. ಗಂಡನ್ನು ಹೆಣ್ಣಿನ ಜೊತೆ ಹೋಲಿಸಿದರೆ ಲೆಕ್ಕ ಕೆಡುತ್ತದೆ. ಹೊಟ್ಟೆ ತುಂಬಿದ ನಿಂಫ್ ಅನ್ನು ಚಿಕ್ಕ ಜಾತಿಯ ಹೆಣ್ಣೆಂದು ತಿಳಿಯುವುದು ಇನ್ನೊಂದು ಸಾಮಾನ್ಯ ತಪ್ಪು. ಕೆಳಮೈ ತಿರುಗಿಸಿ ನೋಡಿ: ನಿಂಫ್‌ಗೆ ಜನನ ರಂಧ್ರ ಇರುವುದಿಲ್ಲ.