ಹರೀರಾ ನೀರಾಗುತ್ತಿದ್ದರೆ

ಮಾಂಸ ಬಿಟ್ಟು ಹರೀರಾ (ಮೊರಾಕೊದ ಕಾಳು-ಟೊಮೆಟೊ ಸೂಪು) ಮಾಡಿದರೆ ಬೇಳೆಕಟ್ಟಿನ ಥರ ನೀರಾಗುತ್ತದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಅದು ಮಾಂಸದ ತಪ್ಪಲ್ಲ, ನೀವು ತದ್ವೀರಾ, ಅಂದರೆ ನೀರಲ್ಲಿ ಕಲಸಿದ ಮೈದಾ, ಹಾಕಿಲ್ಲ ಅನಿಸುತ್ತದೆ. ಮೊರಾಕೊದಲ್ಲಿ ಈ ಸೂಪನ್ನು ಗಟ್ಟಿ ಮಾಡುವುದೇ ಅದರಿಂದ: 3 ಚಮಚ ಮೈದಾವನ್ನು ಒಂದು ಲೋಟ ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಕಾಳು ಬೆಂದ ಮೇಲೆ ಕುದಿಯುವ ಸೂಪಿಗೆ ಸಣ್ಣ ಧಾರೆಯಾಗಿ ಸುರಿಯುತ್ತಾ ಕೈಬಿಡದೆ ತಿರುವಿ, ಆಮೇಲೆ 10 ನಿಮಿಷ ಕುದಿಸಿ, ಇಲ್ಲಾಂದ್ರೆ ಹಸಿ ಹಿಟ್ಟಿನ ವಾಸನೆ ಉಳಿಯುತ್ತದೆ. ಸೆಲರಿ ಎಲೆ, ಕೊತ್ತಂಬರಿ, ಪಾರ್ಸ್ಲಿ ಜಾಸ್ತಿನೇ ಹಾಕಿ, ರುಚಿ ಇರುವುದೇ ಅಲ್ಲಿ. ಶುಂಠಿ ಪುಡಿ, ಅರಿಶಿನ, ಕಾಳುಮೆಣಸು, ಚೂರು ಚಕ್ಕೆ ಸಾಕು. ಗರಂ ಮಸಾಲಾ ಮಾತ್ರ ದಯವಿಟ್ಟು ಬೇಡ! ರಾತ್ರಿಯೇ ನೆನೆಸಿದ ಕಾಬೂಲಿ ಕಡಲೆಯನ್ನು ಬೇರೆ ಬೇಯಿಸಿಕೊಳ್ಳಿ, ಟೊಮೆಟೊ ಹುಳಿಯಲ್ಲಿ ಅದು ಬೇಗ ಮೆತ್ತಗಾಗುವುದಿಲ್ಲ. ಮಸೂರ್ ಕಾಳಿಗೆ ಆ ತಲೆನೋವಿಲ್ಲ.