ಹರ್ಮೀಸ್‌ಗೆ ಈಗಲೂ ಸ್ತುತಿ ಬರೆಯುತ್ತಾರಾ?

ಗ್ರೀಕ್ ದೇವರು ಹರ್ಮೀಸ್‌ಗೆ ಈಗಲೂ ಯಾರಾದರೂ ಭಕ್ತಿಯಿಂದ ಪದ್ಯ ಬರೆಯುತ್ತಾರಾ, ಹೇಗೆ ಅಂತ ಕೇಳಿದ್ದೀರಿ. ಬರೆಯುತ್ತಾರೆ. ಗ್ರೀಸ್ ಸರ್ಕಾರವೇ 2017ರಲ್ಲಿ ಹಳೆಯ ಗ್ರೀಕ್ ದೇವರುಗಳನ್ನು ಪೂಜಿಸುವ ಧರ್ಮಕ್ಕೆ ಮಾನ್ಯತೆ ಕೊಟ್ಟಿದೆ.

ಬರೆಯುವ ಕ್ರಮ ಹೆಚ್ಚಾಗಿ ಹಳೆಯದೇ. ಮೊದಲು ಹೆಸರು ಹಿಡಿದು ಕರೆಯುವುದು, ಆಮೇಲೆ ಬಿರುದುಗಳು, ಒಂದು ಕಥೆ, ಕೊನೆಗೆ ಬೇಡಿಕೆ. ಪ್ರಾಚೀನ ಗ್ರೀಕ್ ಕವಿ ಹೋಮರನ ಹೆಸರಿನಲ್ಲಿರುವ ಸ್ತುತಿಯಲ್ಲಿ ಹರ್ಮೀಸ್ ಹುಟ್ಟಿದ ದಿನವೇ ಆಮೆಯ ಚಿಪ್ಪಿನಿಂದ ತಂತಿವಾದ್ಯ ಮಾಡುತ್ತಾನೆ. ಸಂಜೆಗೆ ಇನ್ನೊಬ್ಬ ದೇವರು ಅಪೊಲೊನ 50 ಹಸು ಕದ್ದು, ಜಾಡು ಸಿಗದಂತೆ ಹಿಂದುಮುಂದಾಗಿ ನಡೆಸುತ್ತಾನೆ. ತುಂಟ ಅಲ್ವಾ! ದಾರಿ, ವ್ಯಾಪಾರ, ಸಂದೇಶ ಎಲ್ಲ ಅವನದೇ ಆದ್ದರಿಂದ ಈಗಿನ ಭಕ್ತರಲ್ಲಿ ಕೆಲವರು ಇಂಟರ್ನೆಟ್ಟನ್ನೂ ಅವನ ಪಾಲಿಗೆ ಸೇರಿಸಿದ್ದಾರೆ. ನನಗಂತೂ ಅದು ಸರಿಯಾಗೇ ಕಾಣುತ್ತದೆ.

ನೀವೇ ಬರೆಯುವುದಾದರೆ ಸುಮ್ನೆ ಬಿರುದು ಜಾಸ್ತಿ ತುಂಬಬೇಡಿ. ಆ ಹಸು ಕದ್ದ ಕಥೆಯಿಂದಲೇ ಶುರು ಮಾಡಿ.